ಹೊಟ್ಟೆ ಬ್ಯಾಕ್ಟೀರಿಯಾಗೆ ರಕ್ತ ಪರೀಕ್ಷೆ: ರಿಪೋರ್ಟ್ ಪಾಸಿಟಿವ್, ಬ್ಯಾಕ್ಟೀರಿಯಾ ನಾಪತ್ತೆ

ರೇಟಿಂಗ್ ಮೊದ್ಲೇ ಹೇಳ್ಬಿಡ್ತೀನಿ, 5ಕ್ಕೆ 2. ಅದ್ರಲ್ಲಿ ಒಂದು ಸ್ಟಾರ್ ರಕ್ತ ತಗೊಳ್ಳೋಕೆ ಬಂದಿದ್ದ ಹುಡುಗನಿಗೆ, ಸೂಜಿ ಚುಚ್ಚಿದ್ದೇ ಗೊತ್ತಾಗ್ಲಿಲ್ಲ. ಇನ್ನೊಂದು ಯಾಕೆ ಅಂತ ಮುಂದೆ ಬರುತ್ತೆ. ಉಳಿದ ಮೂರು ಕಟ್ ಮಾಡಿದ್ದು ಲ್ಯಾಬ್ ತಪ್ಪು ಮಾಡಿದೆ ಅಂತಲ್ಲ, ಅವ್ರು ಅಳೆದಿದ್ದು ಸರಿಯಾಗೇ ಅಳೆದಿದ್ದಾರೆ, ಆದ್ರೆ ನಂಗೆ ಬೇಕಿದ್ದ ಪ್ರಶ್ನೆಗೆ ಈ ಟೆಸ್ಟು ಉತ್ತರಾನೇ ಕೊಡಲ್ಲ, ಅದನ್ನ ಬುಕ್ ಮಾಡೋವಾಗ ಒಬ್ರೂ ಹೇಳಲ್ಲ.

ಟೆಸ್ಟ್ ಹೆಸರು ಎಚ್ ಪೈಲೋರಿ ಐಜಿಜಿ ಆಂಟಿಬಾಡಿ. ಎಚ್ ಅಂದ್ರೆ ಹೆಲಿಕೋಬ್ಯಾಕ್ಟರ್. ಹೊಟ್ಟೆ ಒಳಗಿನ ಲೋಳೆ ಪದರದಲ್ಲಿ ಮನೆ ಮಾಡ್ಕೊಂಡು ಕೂರೋ ಸುರುಳಿ ಆಕಾರದ ಬ್ಯಾಕ್ಟೀರಿಯಾ, ಅಲ್ಸರ್‌ಗೆ ದೊಡ್ಡ ಕಾರಣ ಇದೇ.

ನನ್ನ ಹಿನ್ನೆಲೆ ಸ್ವಲ್ಪ ಹೇಳ್ದೇ ಇದ್ರೆ ಮುಂದಿಂದು ಅರ್ಥ ಆಗಲ್ಲ. ಎರಡೂವರೆ ವರ್ಷದ ಹಿಂದೆ ನಂಗೆ ಎಂಡೋಸ್ಕೋಪಿ ಮಾಡಿದ್ರು, ಸಣ್ಣ ಕರುಳು ಶುರುವಾಗೋ ಜಾಗದಲ್ಲಿ ಒಂದು ಹುಣ್ಣು, ಜೊತೆಗೆ ಈ ಎಚ್ ಪೈಲೋರಿ. 14 ದಿನ ಮಾತ್ರೆ ಕೊಟ್ರು, ದಿನಕ್ಕೆ ಒಂದು ಹಿಡಿ ಅನ್ನೋ ಥರ, ಬಾಯೆಲ್ಲಾ ಕಬ್ಬಿಣ ನೆಕ್ಕಿದ ಹಾಗೆ, ಬಿಸ್ಮತ್ ಇದ್ದಿದ್ರಿಂದ ಮಲ ಕಪ್ಪಗೆ ಹೋಗಿ ನಾನು ಬೇರೆ ಹೆದರಿ, ಹೇಗೋ ಕೋರ್ಸ್ ಮುಗಿಸ್ದೆ. ನೋವು ಹೋಯ್ತು. ಮುಗಿದು ಒಂದು ತಿಂಗಳಾದ್ಮೇಲೆ ಬಂದು ಬ್ಯಾಕ್ಟೀರಿಯಾ ಪೂರ್ತಿ ಹೋಗಿದೆಯಾ ಅಂತ ಟೆಸ್ಟ್ ಮಾಡಿಸ್ಕೊಳ್ಳಿ ಅಂದಿದ್ರು ಡಾಕ್ಟ್ರು. ನೋವಿಲ್ವಲ್ಲ, ನಾನು ಹೋಗ್ಲೇ ಇಲ್ಲ. ಇದು ನನ್ನ ತಪ್ಪು, ಒಪ್ಕೋತೀನಿ.

ಈಗ ಎರಡು ತಿಂಗಳಿಂದ ಮತ್ತೆ ಹೊಟ್ಟೆ ಉರಿ. (ಪಕ್ಕದವ್ನ ಹೊಸ ಕಾರು ನೋಡಿ ಬರೋ ಹೊಟ್ಟೆ ಉರಿ ಅಲ್ಲ, ನಿಜವಾದ್ದು.) ಖಾಲಿ ಹೊಟ್ಟೇಲಿ ಕಿತ್ಕೊಂಡು ಬರೋದು, ಹುಳಿ ತೇಗು, ರಾತ್ರಿ ಎದ್ದು ಕೂರೋದು. ಬಂತಲ್ಲಪ್ಪ ಮತ್ತೆ ಅದೇ ಅಂದ್ಕೊಂಡೆ. ಡಾಕ್ಟರ್ ಹತ್ರ ಹೋದ್ರೆ ಮತ್ತೆ ಬಾಯಲ್ಲಿ ಪೈಪ್ ಬಿಡ್ತಾರೆ ಅನ್ನೋ ಭಯಕ್ಕೆ ಮೊಬೈಲಲ್ಲೇ ಹುಡುಕ್ದೆ, ಮನೆಗೇ ಬಂದು ರಕ್ತ ತಗೊಂಡು ಹೋಗ್ತಾರೆ, ಖಾಲಿ ಹೊಟ್ಟೆ ಬೇಡ, ಯಾವ ಮಾತ್ರೇನೂ ನಿಲ್ಲಿಸ್ಬೇಕಾಗಿಲ್ಲ, ಮಾರನೇ ದಿನ ರಿಪೋರ್ಟು. ಇದಕ್ಕಿಂತ ಸುಖ ಇನ್ನೇನಿದೆ ಅಂತ ಬುಕ್ ಮಾಡ್ದೆ.

ಸರ್ವಿಸ್ ಬಗ್ಗೆ ಒಂದೇ ಸಾಲು: ಹೇಳಿದ ಟೈಮಿಗೆ ಬಂದ್ರು, ಹೇಳಿದ ಟೈಮಿಗೆ ರಿಪೋರ್ಟ್ ಕಳ್ಸಿದ್ರು, ತಕರಾರಿಲ್ಲ.

ತಕರಾರು ಇರೋದು ರಿಪೋರ್ಟ್ ಮೇಲೆ. ಪಾಸಿಟಿವ್ ಅಂತ ಕೆಂಪಕ್ಷರದಲ್ಲಿ ದಪ್ಪಗೆ, ಪಕ್ಕದಲ್ಲಿ ಒಂದು ನಂಬರ್, ಅವ್ರು ಕೊಟ್ಟಿರೋ ಮಿತಿಗಿಂತ ಹೆಚ್ಚುಕಮ್ಮಿ ಮೂರು ಪಟ್ಟು. ಕೆಳಗಡೆ ಭೂತಗನ್ನಡಿ ಹಿಡಿದ್ರೆ ಕಾಣೋ ಸೈಜಲ್ಲಿ 'ಕ್ಲಿನಿಕಲಿ ಕೋರಿಲೇಟ್ ಮಾಡಿಕೊಳ್ಳಿ' ಅಂತ, ಅಂದ್ರೆ ರೋಗಿಯ ಲಕ್ಷಣಗಳ ಜೊತೆ ಹೊಂದಿಸಿ ನೋಡಿ ಅಂತ. ಕೋರಿಲೇಟ್ ಯಾರು ಮಾಡ್ಬೇಕು, ನಾನಾ? ರಾತ್ರಿ ಹನ್ನೊಂದು ಗಂಟೇಲಿ, ಹಾಸಿಗೆ ಮೇಲೆ ಕೂತು? ನಾನು ಮಾಡಿದ ಕೋರಿಲೇಷನ್ ಏನಪ್ಪಾ ಅಂದ್ರೆ ಮೂರು ಪಟ್ಟು ನಂಬರ್ ಅಂದ್ರೆ ಮೂರು ಪಟ್ಟು ಬ್ಯಾಕ್ಟೀರಿಯಾ, ಹಳೇ ಮಾತ್ರೆಗೆ ಸಾಯ್ದೇ ಇರೋವು, ಈಗ ಹೊಟ್ಟೆ ತುಂಬಾ ಬೆಳೆದಿದ್ದಾವೆ, ಅಂತ. ಅದ್ರ ಜೊತೆ ಇಂಟರ್ನೆಟ್ಟಲ್ಲಿ ಈ ಬ್ಯಾಕ್ಟೀರಿಯಾನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಮೊದಲ ದರ್ಜೆ ಕ್ಯಾನ್ಸರ್‌ಕಾರಕ ಅಂತ ಪಟ್ಟಿ ಮಾಡಿದೆ ಅಂತ ಓದಿದ್ಮೇಲೆ ನಿದ್ದೆ ಎಲ್ಲಿಂದ ಬರುತ್ತೆ. (ಪಟ್ಟಿಯಲ್ಲಿರೋದು ನಿಜಾನೇ, ಆದ್ರೆ ಇದು ಇರೋ ಬಹುಪಾಲು ಜನಕ್ಕೆ ಜೀವನಪೂರ್ತಿ ಏನೂ ಆಗಲ್ಲ, ಹೊಟ್ಟೆ ಕ್ಯಾನ್ಸರ್ ಆಗೋದು ನೂರಕ್ಕೆ ಒಬ್ರೋ ಇಬ್ರೋ ಅನ್ನೋ ಲೆಕ್ಕ. ಅದನ್ನ ನಾನು ಓದಿದ್ದು ಮಾರನೇ ದಿನ.)

ಬೆಳಿಗ್ಗೆ ಎದ್ದು ಹಳೇ ಚೀಟಿ ಹುಡುಕ್ತಿದ್ದೆ, ಅದೇ 14 ದಿನದ ಆಂಟಿಬಯೋಟಿಕ್ ಮತ್ತೆ ತಗೊಂಡ್ಬಿಡೋಣ ಅಂತ. ಪುಣ್ಯಕ್ಕೆ ಅದಕ್ಕೂ ಮೊದ್ಲು ಅಕ್ಕನಿಗೆ ಫೋನ್ ಮಾಡ್ದೆ, ಅವ್ಳು ಲ್ಯಾಬಲ್ಲೇ ಕೆಲ್ಸ ಮಾಡೋದು, ಬೇರೆ ಲ್ಯಾಬು.

"ಯಾರನ್ನ ಕೇಳಿ ಮಾಡ್ಸಿದೆ ಕಣೋ ಇದನ್ನ?" ಮೊದ್ಲನೇ ಮಾತೇ ಇದು.

"ಪಾಸಿಟಿವ್ ಬಂದಿದೆ ಅಕ್ಕ, ಮೂರು ಪಟ್ಟು."

"ಬರ್ದೇ ಇನ್ನೇನಾಗುತ್ತೆ? ಒಂದು ಸಲ ಬಂದು ಹೋದವ್ರಿಗೆ ವರ್ಷಗಟ್ಲೆ ಪಾಸಿಟಿವ್ ಬರುತ್ತೆ. ನಿನ್ ರಕ್ತದಲ್ಲಿರೋದು ಬ್ಯಾಕ್ಟೀರಿಯಾ ಅಲ್ಲ, ಅದ್ರ ನೆನಪು."

ಆಮೇಲೆ ಅವ್ಳು ಬಿಡಿಸಿ ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ, ಯಾಕಂದ್ರೆ ಬುಕ್ ಮಾಡೋ ಪೇಜಲ್ಲಿ ಇರ್ಬೇಕಾಗಿದ್ದ ಮಾಹಿತಿ ಇದು. ಎಚ್ ಪೈಲೋರಿ ಇರೋದು ಹೊಟ್ಟೇಲಿ, ರಕ್ತದಲ್ಲಿ ಅದು ಓಡಾಡಲ್ಲ. ರಕ್ತದಲ್ಲಿ ಸಿಗೋದು ಅದ್ರ ವಿರುದ್ಧ ನಮ್ಮ ದೇಹ ತಯಾರು ಮಾಡಿದ ಪ್ರತಿಕಾಯ, ಅದೇ ಆಂಟಿಬಾಡಿ. ಸೋಂಕು ತಗುಲಿ ಕೆಲವು ವಾರ ಆದ್ಮೇಲೆ ಐಜಿಜಿ ಅನ್ನೋ ಜಾತಿ ಆಂಟಿಬಾಡಿ ಏರುತ್ತೆ, ಬ್ಯಾಕ್ಟೀರಿಯಾ ಇರೋವರೆಗೂ ಇರುತ್ತೆ. ಔಷಧಿ ತಗೊಂಡು ಬ್ಯಾಕ್ಟೀರಿಯಾ ಸತ್ತ ದಿನವೇ ಇದು ಮಾಯ ಆಗಲ್ಲ, ತಿಂಗಳುಗಟ್ಲೆ ನಿಧಾನಕ್ಕೆ ಇಳಿಯುತ್ತೆ, ಕೆಲವರಲ್ಲಿ ವರ್ಷಗಳಾದ್ರೂ ಮಿತಿಗಿಂತ ಕೆಳಗೆ ಬರೋದೇ ಇಲ್ಲ. ಅಟ್ಟದ ಮೇಲೆ ಹಾವಿನ ಪೊರೆ ಸಿಕ್ಕಿದ್ರೆ ಹಾವು ಯಾವತ್ತೋ ಬಂದಿತ್ತು ಅನ್ನೋದು ಖಾತ್ರಿ, ಈಗಲೂ ಅಲ್ಲೇ ಸುತ್ಕೊಂಡು ಮಲಗಿದೆ ಅನ್ನೋಕಾಗಲ್ಲ. ನಾನು ಪೊರೆ ನೋಡಿ ಇಡೀ ರಾತ್ರಿ ದೊಣ್ಣೆ ಹಿಡ್ಕೊಂಡು ಕೂತಿದ್ದೆ.

ಆ ನಂಬರ್ ಬಗ್ಗೇನೂ ಕೇಳ್ದೆ. ನಂಬರ್ ಜಾಸ್ತಿ ಅಂದ್ರೆ ಬ್ಯಾಕ್ಟೀರಿಯಾ ಜಾಸ್ತಿ ಅಂತಲೂ ಅಲ್ಲ, ಹುಣ್ಣು ದೊಡ್ಡದು ಅಂತಲೂ ಅಲ್ಲ. ಒಬ್ಬೊಬ್ರ ದೇಹ ಒಂದೊಂದು ಥರ ಆಂಟಿಬಾಡಿ ಮಾಡುತ್ತೆ, ಒಂದೊಂದು ಕಂಪನಿ ಕಿಟ್ಟಿಗೂ ಒಂದೊಂದು ಮಿತಿ, ಅದಕ್ಕೇ ಒಂದು ಲ್ಯಾಬಿನ ನಂಬರನ್ನ ಇನ್ನೊಂದು ಲ್ಯಾಬಿನ ನಂಬರ್ ಪಕ್ಕ ಇಟ್ಟು ಏರಿದೆ ಇಳಿದಿದೆ ಅನ್ನೋಕಾಗಲ್ಲ. ಮಿತಿಯ ಆಸುಪಾಸಲ್ಲಿ ಬಂದ್ರೆ ಅದಕ್ಕೆ 'ಈಕ್ವಿವೋಕಲ್' ಅಂತ ಬರೀತಾರೆ, ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ ಅಂತ ಅರ್ಥ. ಔಷಧಿಗೆ ಮೊದ್ಲು ಒಂದು ಸಲ, ಆರು ತಿಂಗಳಾದ್ಮೇಲೆ ಒಂದು ಸಲ ರಕ್ತ ತೆಗೆದು ಎರಡನ್ನೂ ಒಂದೇ ಕಿಟ್ಟಲ್ಲಿ ನೋಡಿ, ಅರ್ಧಕ್ಕರ್ಧ ಇಳಿದಿದ್ರೆ ವಾಸಿಯಾಗಿದೆ ಅನ್ನೋ ಪದ್ಧತಿಯೂ ಇತ್ತಂತೆ. ಹಳೇ ರಕ್ತದ ಸ್ಯಾಂಪಲ್ ಯಾರು ಎತ್ತಿಟ್ಟಿರ್ತಾರೆ ಹೇಳಿ.

ಇದೇ ಟೆಸ್ಟನ್ನ ಐಜಿಜಿ, ಐಜಿಎ, ಐಜಿಎಂ ಅನ್ನೋ ಮೂರೂ ಜಾತಿ ಆಂಟಿಬಾಡಿ ಸೇರಿಸಿ ಪ್ಯಾಕೇಜ್ ಅಂತಲೂ ಕೊಡ್ತಾರೆ. ಮೂರಿದ್ರೆ ಮೂರು ಪಟ್ಟು ಖಾತ್ರಿ ಅನ್ಕೋಬೇಡಿ. ಐಜಿಎಂ ಅನ್ನೋದು ಹೊಸ ಸೋಂಕಲ್ಲಿ ಏರೋದು, ಆದ್ರೆ ಈ ಬ್ಯಾಕ್ಟೀರಿಯಾ ಬಹಳ ಜನಕ್ಕೆ ಅಂಟೋದೇ ಚಿಕ್ಕ ವಯಸ್ಸಲ್ಲಿ, ನಾವು ಟೆಸ್ಟ್ ಮಾಡಿಸೋ ಹೊತ್ತಿಗೆ ಅದು ಹಳೇ ನೆಂಟ. ಐಜಿಎ ಒಂದನ್ನೇ ನಂಬಿ ಔಷಧಿ ಶುರು ಮಾಡೋ ಹಾಗೂ ಇಲ್ಲ. "ಕಾಗದ ತುಂಬುತ್ತೆ, ಅಷ್ಟೇ" ಅಂದ್ಳು ಅಕ್ಕ.

ಇನ್ನೊಂದು ಕಿಟ್ ಇದೆ, ಬೆರಳು ಚುಚ್ಚಿ ಒಂದು ಹನಿ ರಕ್ತ ಹಾಕಿದ್ರೆ ಕಾಲು ಗಂಟೆ ಒಳಗೆ ಗೆರೆ ಬರೋದು, ಪ್ರೆಗ್ನೆನ್ಸಿ ಕಿಟ್ ಥರ. ಅದೂ ಆಂಟಿಬಾಡಿನೇ ನೋಡೋದು, ಸಮಸ್ಯೆಯೂ ಅದೇ.

ಇಲ್ಲೊಂದು ಲೆಕ್ಕ ಹೇಳ್ತೀನಿ, ನಂಗೆ ಕಣ್ಣು ತೆರೆಸಿದ್ದು ಇದೇ. ರಕ್ತದ ಟೆಸ್ಟು ಸೋಂಕು ಇರೋ ನೂರು ಜನರಲ್ಲಿ 85 ಜನರನ್ನ ಹಿಡಿಯುತ್ತೆ, ಇಲ್ದೇ ಇರೋ ನೂರು ಜನರಲ್ಲಿ 80 ಜನಕ್ಕೆ ಸರಿಯಾಗಿ ಇಲ್ಲ ಅನ್ನುತ್ತೆ ಅಂತ ಇಟ್ಕೊಳ್ಳಿ (ಕಿಟ್ಟಿಂದ ಕಿಟ್ಟಿಗೆ ಬೇರೆ ಇರುತ್ತೆ, ಆದ್ರೆ ಇದು ಗಾಳಿಯಲ್ಲಿ ತೆಗೆದ ನಂಬರ್ ಅಲ್ಲ, ಹೆಚ್ಚುಕಮ್ಮಿ ಈ ಆಸುಪಾಸೇ). ಕೇಳೋಕೆ ಚೆನ್ನಾಗೇ ಇದೆ ಅಲ್ವಾ, ನಾವು ಪರೀಕ್ಷೇಲಿ 85 ತೆಗೆದಿದ್ರೆ ಮನೇಲಿ ಹೊತ್ಕೊಂಡು ಕುಣೀತಿದ್ರು. ಈಗ 1000 ಜನ ಇದ್ದಾರೆ, ಅವರಲ್ಲಿ ನಿಜಕ್ಕೂ ಸೋಂಕಿರೋರು 200. ಅವರಲ್ಲಿ 170 ಜನಕ್ಕೆ ಪಾಸಿಟಿವ್ ಬರುತ್ತೆ. ಸೋಂಕಿಲ್ದೇ ಇರೋ 800 ಜನರಲ್ಲೂ 160 ಜನಕ್ಕೆ ಸುಮ್‌ಸುಮ್ನೆ ಪಾಸಿಟಿವ್. ಒಟ್ಟು 330 ಪಾಸಿಟಿವ್ ರಿಪೋರ್ಟು, ಅದ್ರಲ್ಲಿ ಹತ್ರತ್ರ ಅರ್ಧ ಸುಳ್ಳು! ಅದೇ 1000 ಜನರಲ್ಲಿ 600 ಜನಕ್ಕೆ ಸೋಂಕಿದೆ ಅಂದ್ರೆ 510 ನಿಜವಾದ ಪಾಸಿಟಿವ್, 80 ಸುಳ್ಳು. ಅಂದ್ರೆ ಟೆಸ್ಟ್ ಅದೇ, ಕಿಟ್ ಅದೇ, ಸುತ್ತಮುತ್ತ ಎಷ್ಟು ಜನಕ್ಕೆ ಈ ಬ್ಯಾಕ್ಟೀರಿಯಾ ಇದೆ ಅನ್ನೋದ್ರ ಮೇಲೆ ರಿಪೋರ್ಟಿನ ಬೆಲೆನೇ ಬದಲಾಗೋಗುತ್ತೆ. ಉಸಿರಿನ ಟೆಸ್ಟ್ (ಹೊಟ್ಟೇಲಿ ಈಗ ಬ್ಯಾಕ್ಟೀರಿಯಾ ಇದೆಯಾ ಅಂತ ಉಸಿರಲ್ಲೇ ನೋಡೋದು, ಹೇಗೆ ಅಂತ ಮುಂದೆ ಹೇಳ್ತೀನಿ) ಎರಡೂ ಕಡೆ 95 ಅಂತ ಇಟ್ಕೊಂಡು ಮೊದಲ ಲೆಕ್ಕ ಮಾಡಿ ನೋಡಿ, 190 ನಿಜ, 40 ಸುಳ್ಳು. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಈ ಲೆಕ್ಕಕ್ಕೆ ನನ್ನಂಥ ಔಷಧಿ ತಗೊಂಡು ವಾಸಿಯಾದವ್ರನ್ನ ಸೇರಿಸೇ ಇಲ್ಲ ನೋಡಿ, ನಾವು ಸೇರಿದ್ರೆ ಇನ್ನೂ ಕೆಡುತ್ತೆ.

ಅದಕ್ಕೇ ಅಮೆರಿಕದ ಗ್ಯಾಸ್ಟ್ರೋ ಡಾಕ್ಟರ್‌ಗಳ ಮಾರ್ಗಸೂಚಿಗಳು ಈಗ ಸೋಂಕು ಇದೆಯಾ ಇಲ್ವಾ ನೋಡೋಕೆ ಈ ರಕ್ತ ಪರೀಕ್ಷೆ ಬೇಡ ಅನ್ನುತ್ವೆ, ಚಿಕಿತ್ಸೆ ಆದ್ಮೇಲೆ ವಾಸಿಯಾಯ್ತಾ ಅಂತ ನೋಡೋಕಂತೂ ಎಲ್ಲರೂ ಬೇಡ್ವೇ ಬೇಡ ಅಂತಾರೆ. ಹಾಗಾದ್ರೆ ಇದು ಹುಟ್ಟಿದ್ದಾದ್ರೂ ಯಾಕೆ ಅಂತ ನಂಗೆ ಕುತೂಹಲ ಆಯ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಇಬ್ರೂ ಸೇರಿ ಈ ಬ್ಯಾಕ್ಟೀರಿಯಾನ 1982ರಲ್ಲಿ ಬೆಳೆಸಿದ್ದು, ಅದೂ ಈಸ್ಟರ್ ರಜೆ ಬಂದು ಪ್ಲೇಟುಗಳು ಮಾಮೂಲಿಗಿಂತ ಜಾಸ್ತಿ ದಿನ ಇನ್‌ಕ್ಯುಬೇಟರಲ್ಲೇ ಉಳ್ಕೊಂಡಿದ್ದಕ್ಕೆ ಬೆಳೀತು, ಅಲ್ಲಿವರೆಗೂ ಎರಡು ದಿನಕ್ಕೇ ಬಿಸಾಕ್ತಿದ್ರು. ಆಸಿಡ್ ತುಂಬಿರೋ ಹೊಟ್ಟೇಲಿ ಬ್ಯಾಕ್ಟೀರಿಯಾ ಬದುಕುತ್ತೆ ಅಂದ್ರೆ ಯಾರೂ ನಂಬ್ಲಿಲ್ಲ, ಅಲ್ಸರ್ ಬರೋದು ಟೆನ್ಷನ್‌ಗೆ ಅನ್ನೋ ಕಾಲ. 1984ರಲ್ಲಿ ಮಾರ್ಷಲ್ ಬ್ಯಾಕ್ಟೀರಿಯಾ ಇರೋ ದ್ರಾವಣಾನ ತಾನೇ ಕುಡಿದ, ಕೆಲವೇ ದಿನಕ್ಕೆ ವಾಂತಿ, ಎಂಡೋಸ್ಕೋಪಿ ಮಾಡಿ ನೋಡಿದ್ರೆ ಹೊಟ್ಟೆ ಒಳಗೆಲ್ಲಾ ಉರಿಯೂತ. 2005ರಲ್ಲಿ ಇಬ್ರಿಗೂ ನೊಬೆಲ್ ಬಂತು. ನಾನು ಒಂದು ಪೈಪಿಗೆ ಹೆದರಿ ಮೊಬೈಲಲ್ಲಿ ಟೆಸ್ಟ್ ಬುಕ್ ಮಾಡ್ದವ್ನು. ಇರ್ಲಿ. ಆಗ ಎಂಡೋಸ್ಕೋಪಿ ಇಲ್ದೇ ಪತ್ತೆ ಹಚ್ಚೋಕೆ ರಕ್ತ ಪರೀಕ್ಷೆ ಸುಲಭದ ದಾರಿಯಾಗಿತ್ತು, ಆಮೇಲೆ ಉಸಿರಿನ ಟೆಸ್ಟು, ಮಲದ ಟೆಸ್ಟು ಬಂದ್ವು, ಇದು ಮಾತ್ರ ಪಟ್ಟಿಯಿಂದ ಇಳೀಲೇ ಇಲ್ಲ.

ಆಮೇಲೆ ಡಾಕ್ಟರ್ ಹತ್ರ ಹೋದೆ, ಅಕ್ಕ ಬೈದಿದ್ದಕ್ಕೆ. ರಿಪೋರ್ಟನ್ನ ಒಂದು ಕ್ಷಣ ನೋಡಿ ಪಕ್ಕಕ್ಕಿಟ್ರು, ಬೇಜಾರಾಯ್ತು ನಿಜ ಹೇಳ್ಬೇಕಂದ್ರೆ. ರಕ್ತ ವಾಂತಿ ಆಯ್ತಾ, ಮಲ ಟಾರಿನ ಹಾಗೆ ಕಪ್ಪಗೆ ಹೋಗುತ್ತಾ, ತೂಕ ಇಳಿದಿದೆಯಾ, ನುಂಗೋಕೆ ಕಷ್ಟಾನಾ, ಅಂತ ಒಂದೊಂದೇ ಕೇಳಿದ್ರು, ಇದ್ರಲ್ಲಿ ಒಂದಕ್ಕೆ ಹೌದು ಅಂದಿದ್ರೂ ಸೀದಾ ಎಂಡೋಸ್ಕೋಪಿನೇ ಅಂತೆ. ಯಾವ್ದೂ ಇರ್ಲಿಲ್ಲ. ಆಮೇಲೆ ಕೇಳಿದ್ರು, "ನೋವಿನ ಮಾತ್ರೆ ಏನಾದ್ರೂ ತಗೋತಿದ್ದೀರಾ?"

ತಗೋತಿದ್ದೆ. ಸೊಂಟ ನೋವು ಅಂತ ಎರಡು ತಿಂಗಳಿಂದ ಐಬುಪ್ರೊಫೇನ್, ದಿನಾ. ಎರಡು ತಿಂಗಳಿಂದ. ಹೊಟ್ಟೆ ಉರಿಯೂ ಎರಡು ತಿಂಗಳಿಂದ. ನಾನು ಆ ಎರಡನ್ನ ಒಂದು ಸಲವೂ ಪಕ್ಕಪಕ್ಕ ಇಟ್ಟು ನೋಡಿರ್ಲಿಲ್ಲ ನೋಡಿ, ಕೋರಿಲೇಟ್ ಮಾಡಿ ಅಂತ ರಿಪೋರ್ಟಲ್ಲಿ ಬೇರೆ ಬರೆದಿದ್ರು.

ಅವತ್ತೇ ಐಬುಪ್ರೊಫೇನ್ ನಿಲ್ಲಿಸಿದ್ರು. ಮೊದ್ಲು ಅಲ್ಸರ್ ಆಗಿತ್ತು, ಆಮೇಲೆ ಚೆಕ್ ಮಾಡಿಸಿಲ್ಲ, ಹಾಗಾಗಿ ಬ್ಯಾಕ್ಟೀರಿಯಾ ಇದೆಯಾ ಇಲ್ವಾ ಅನ್ನೋದು ಖಾತ್ರಿ ಆಗ್ಲೇಬೇಕು ಅಂದು ಉಸಿರಿನ ಟೆಸ್ಟ್ ಬರೆದ್ರು. ಇದ್ರ ಕಷ್ಟ ಇಲ್ಲಿದೆ, ಮುಂಚೆ 2 ವಾರ ಗ್ಯಾಸ್ಟ್ರಿಕ್ ಮಾತ್ರೆ, ಅಂದ್ರೆ ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಥರದ್ದು, ತಗೊಳ್ಳೋ ಹಾಗಿಲ್ಲ. ಆಂಟಿಬಯೋಟಿಕ್ ಆಗ್ಲಿ ಬಿಸ್ಮತ್ ಆಗ್ಲಿ ತಗೊಂಡಿದ್ರೆ 4 ವಾರ ಗ್ಯಾಪ್ ಬೇಕು. ಯಾಕಂದ್ರೆ ಈ ಮಾತ್ರೆಗಳು ಬ್ಯಾಕ್ಟೀರಿಯಾನ ಸಾಯಿಸ್ದೇ ಮಂಕು ಮಾಡಿಟ್ಟಿರುತ್ವೆ, ಆಗ ಇದ್ರೂ ಇಲ್ಲ ಅಂತ ರಿಪೋರ್ಟ್ ಬರುತ್ತೆ. ಆ ಎರಡು ವಾರ ಆಂಟಾಸಿಡ್ ಸಿರಪ್ ಕುಡ್ಕೊಂಡು ಕಳೆದೆ, ಮೊದಲ ವಾರ ನರಕ, ಎರಡನೇ ವಾರಕ್ಕೆ ಉರಿ ತಾನಾಗೇ ಕಮ್ಮಿ ಆಗ್ತಾ ಬಂತು.

ಟೆಸ್ಟ್ ಏನೂ ಇಲ್ಲ, ಖಾಲಿ ಹೊಟ್ಟೇಲಿ ಹೋಗಿ ಒಂದು ಚೀಲಕ್ಕೆ ಊದಿದೆ, ಯೂರಿಯಾ ಕಲಸಿದ ನೀರು ಕುಡಿದೆ, ಸ್ವಲ್ಪ ಹೊತ್ತು ಕೂತು ಮತ್ತೆ ಇನ್ನೊಂದು ಚೀಲಕ್ಕೆ ಊದಿದೆ. ಎಚ್ ಪೈಲೋರಿ ಹತ್ರ ಯೂರಿಯೇಸ್ ಅನ್ನೋ ಕಿಣ್ವ ಇರುತ್ತೆ, ಯೂರಿಯಾನ ಒಡೆದು ಅಮೋನಿಯಾ ಮಾಡ್ಕೊಂಡು ತನ್ನ ಸುತ್ತ ಆಸಿಡ್ ತಟ್ಟದ ಹಾಗೆ ನೋಡ್ಕೊಳ್ಳುತ್ತೆ, ಆಸಿಡ್ ಒಳಗೆ ಅದು ಬದುಕೋ ಗುಟ್ಟೇ ಅದು. ಒಡೆಯುವಾಗ ಬರೋ ಇಂಗಾಲದ ಡೈಆಕ್ಸೈಡ್ ರಕ್ತಕ್ಕೆ ಸೇರಿ ಉಸಿರಲ್ಲಿ ಹೊರಗೆ ಬರುತ್ತೆ. ಕುಡಿಸೋ ಯೂರಿಯಾದಲ್ಲಿ ಕಾರ್ಬನ್ 13 ಅನ್ನೋ ಗುರುತಿನ ಕಾರ್ಬನ್ ಹಾಕಿರ್ತಾರೆ, ಉಸಿರಲ್ಲಿ ಆ ಗುರುತು ಹೆಚ್ಚಿಗೆ ಸಿಕ್ಕಿದ್ರೆ ಈಗ, ಇವತ್ತು, ಹೊಟ್ಟೇಲಿ ಜೀವಂತ ಬ್ಯಾಕ್ಟೀರಿಯಾ ಇದೆ ಅಂತ ಅರ್ಥ. ಕಾರ್ಬನ್ 13ರಲ್ಲಿ ವಿಕಿರಣ ಇಲ್ಲ, ಕಾರ್ಬನ್ 14 ಬಳಸೋ ಕಡೆ ತುಂಬಾ ಕಮ್ಮಿ ವಿಕಿರಣ ಇರುತ್ತೆ, ಮಕ್ಕಳಿಗೆ, ಗರ್ಭಿಣಿಯರಿಗೆ ಅದನ್ನ ಮಾಡಲ್ಲ. ಬೇಕಾದ್ರೆ ಕೇಳಿ ತಿಳ್ಕೊಳ್ಳಿ.

ನಂದು ನೆಗೆಟಿವ್. ಎರಡೂವರೆ ವರ್ಷದ ಹಿಂದಿನ ಆ ಹಿಡಿ ಹಿಡಿ ಮಾತ್ರೆ ಕೆಲ್ಸ ಮಾಡಿತ್ತು, ನಾನೇ ಹೋಗಿ ಕೇಳಿರ್ಲಿಲ್ಲ ಅಷ್ಟೇ. ಆವತ್ತು ಬೆಳಿಗ್ಗೆ ಹಳೇ ಚೀಟಿ ಹಿಡ್ಕೊಂಡು ಹೋಗಿದ್ರೆ ಇಲ್ದೇ ಇರೋ ಬ್ಯಾಕ್ಟೀರಿಯಾಗೆ 14 ದಿನ ಆಂಟಿಬಯೋಟಿಕ್ ನುಂಗ್ತಿದ್ದೆ, ಜೊತೆಗೆ ಐಬುಪ್ರೊಫೇನ್ ಮುಂದುವರೆಸ್ತಿದ್ದೆ.

ಉಸಿರಿನ ಟೆಸ್ಟ್ ಇಲ್ದೇ ಇರೋ ಕಡೆ ಮಲದ ಟೆಸ್ಟ್ ಆಗುತ್ತೆ, ಮಾತ್ರೆ ನಿಲ್ಲಿಸೋ ನಿಯಮ ಅದಕ್ಕೂ ಇದೆ. ಬುಕ್ ಮಾಡೋವಾಗ ಒಂದು ಕಡೆ ಎಡವ್ತೀರ, ಹುಷಾರು: ಮಲದಲ್ಲಿ ನೋಡೋದು ಆಂಟಿಜೆನ್, ಅಂದ್ರೆ ಬ್ಯಾಕ್ಟೀರಿಯಾದ್ದೇ ಚೂರು. ರಕ್ತದಲ್ಲಿ ನೋಡೋದು ಆಂಟಿಬಾಡಿ, ಅಂದ್ರೆ ನಮ್ಮ ದೇಹದ್ದು. ಎರಡು ಹೆಸರೂ ಅಕ್ಕಪಕ್ಕ ಇರುತ್ತೆ, ಶುರು ಒಂದೇ ಥರ, ಅವಸರದಲ್ಲಿ ಓದಿದ್ರೆ ನನ್ನ ಥರ ಆಗುತ್ತೆ. ಮನೇಲಿ ಪಾಸಿಟಿವ್ ಸುದ್ದಿ ಕೇಳಿ ನನ್ನ ಹೆಂಡ್ತಿ ಮಗಳಿಗೂ ರಕ್ತ ಟೆಸ್ಟ್ ಮಾಡಿಸೋಣ ಅಂತ ಹೊರಟಿದ್ಳು, ಡಾಕ್ಟ್ರು ಮಕ್ಕಳಿಗಂತೂ ಈ ಆಂಟಿಬಾಡಿ ಟೆಸ್ಟ್ ನಂಬೋ ಹಾಗೇ ಇಲ್ಲ, ಮಾಡಿಸ್ಬೇಡಿ ಅಂದ್ರು.

ಈಗ ಆ ಎರಡನೇ ಸ್ಟಾರ್. ಈ ಟೆಸ್ಟ್ ಪೂರ್ತಿ ದಂಡ ಅಂತ ನಾನೂ ಬರೀತಿದ್ದೆ, ಅಕ್ಕ ತಡೆದ್ಳು. ಅಲ್ಸರಿಂದ ರಕ್ತ ಸೋರ್ತಿದ್ರೆ ಉಳಿದ ಟೆಸ್ಟುಗಳು ಸೋಂಕಿದ್ರೂ ಇಲ್ಲ ಅನ್ನೋ ಸಾಧ್ಯತೆ ಜಾಸ್ತಿ. ಕೆಲವರಿಗೆ ಗ್ಯಾಸ್ಟ್ರಿಕ್ ಮಾತ್ರೆ ಎರಡು ವಾರ ನಿಲ್ಲಿಸೋದೇ ಅಪಾಯ. ಇನ್ನು ಕೆಲವರ ಹೊಟ್ಟೆ ಒಳಪದರ ಸವೆದು ಹೋಗಿ ಬ್ಯಾಕ್ಟೀರಿಯಾ ತೀರಾ ಕಮ್ಮಿ ಉಳಿದಿರುತ್ತೆ. ಇಂಥ ಕಡೆ ರಕ್ತದ ಆಂಟಿಬಾಡಿಗೆ ಮಾತ್ರೆ ಗೀತ್ರೆ ಯಾವ್ದೂ ಅಡ್ಡ ಬರಲ್ಲ, ಹಿಂದೆ ಯಾವತ್ತೂ ಚಿಕಿತ್ಸೆ ಆಗಿಲ್ದೇ ಇದ್ರೆ ಡಾಕ್ಟರಿಗೆ ಒಂದು ಸುಳಿವು ಸಿಗುತ್ತೆ. ಒಂದು ಪ್ರದೇಶದಲ್ಲಿ ಎಷ್ಟು ಜನಕ್ಕೆ ಇದು ಬಂದಿತ್ತು ಅಂತ ಸರ್ವೆ ಮಾಡೋರಿಗೂ ಇದು ಬೇಕು. ಅಂದ್ರೆ ಹೇಳೋರು ಹೇಳಿ ಮಾಡಿಸಿದ್ರೆ ಉಪಯೋಗ ಇದೆ. ನೆಗೆಟಿವ್ ಬಂದ್ರೆ ಸ್ವಲ್ಪ ಮಟ್ಟಿಗೆ ಸಮಾಧಾನವೂ ಹೌದು, ಸೋಂಕು ತೀರಾ ಹೊಸದಾಗಿದ್ರೆ ಮಾತ್ರ ಆಂಟಿಬಾಡಿ ಇನ್ನೂ ಹುಟ್ಟಿರಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಬುಕ್ ಮಾಡೋವಾಗ ಹೆಸರು, ವಯಸ್ಸು, ಅಡ್ರೆಸ್ ಕೇಳ್ತೀರಲ್ಲ, ಹಾಗೇ 'ಈ ಮುಂಚೆ ಎಚ್ ಪೈಲೋರಿಗೆ ಔಷಧಿ ತಗೊಂಡಿದ್ದೀರಾ' ಅಂತ ಒಂದು ಪ್ರಶ್ನೆ ಹಾಕಿ. ಹೌದು ಅಂದವ್ರಿಗೆ ಈ ಟೆಸ್ಟ್ ಕೊಡ್ಬೇಡಿ.

ಮೊನ್ನೆ ಅವ್ರ ಕಡೆಯಿಂದ ಫೋನ್ ಬಂದಿತ್ತು, ಫೀಡ್‌ಬ್ಯಾಕ್‌ಗೆ. ಇದನ್ನೆಲ್ಲಾ ಹೇಳೋಣ ಅಂತ ಬಾಯಿ ತೆರೆದೆ, ಅಷ್ಟರಲ್ಲಿ ಆ ಹುಡುಗಿ "ರಿಪೋರ್ಟ್ ಟೈಮಿಗೆ ಬಂತಾ ಸರ್?" ಅಂದ್ರು. ಬಂತಮ್ಮ ಅಂದೆ. "ಥ್ಯಾಂಕ್ಯೂ ಸರ್, ನಿಮ್ದು ಪಾಸಿಟಿವ್ ಇದ್ದಿದ್ರಿಂದ ಆರು ತಿಂಗಳಾದ್ಮೇಲೆ ಮತ್ತೆ ಇದೇ ಟೆಸ್ಟ್ ಮಾಡಿಸ್ಕೊಳ್ಳಿ, ನಿಮಗೆ ಡಿಸ್ಕೌಂಟ್ ಇದೆ" ಅಂದು ಇಟ್ಬಿಟ್ರು.